ಅಡುಗೆಮನೆಗೆ ಎಳೆದ ವೈರು

ಅಜ್ಜಂಪುರದ ಮಲ್ಲೇಶಪ್ಪನವರ ಮನೆಯಲ್ಲಿ ನಡೆದದ್ದನ್ನು ಕಡೂರಿನ ನನ್ನ ಅಂಗಡಿಯಲ್ಲಿ ಕೂತು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಹೇಳುವಾಗೆಲ್ಲ ತಪ್ಪನ್ನು ಇಲಿಯ ಮೇಲೆ ಹಾಕುತ್ತಿದ್ದೆ. ಇಲಿ ವೈರು ಕಡಿಯಿತು, ತಂತಿಗೆ ತಂತಿ ತಾಗಿತು, ಅಡುಗೆಮನೆಯ ಮಾತು ಹಜಾರಕ್ಕೆ ಬಂತು. ಕಥೆ ಚೆನ್ನಾಗಿ ಕೂರುತ್ತಿತ್ತು. ಅಲ್ಲಿ ಇಲಿ ಇರಲಿಲ್ಲ.

ರೇಡಿಯೋ, ಮೈಕು, ರೆಕಾರ್ಡ್ ಪ್ಲೇಯರು, ಟೇಪು ಎಲ್ಲವನ್ನೂ ಬಿಚ್ಚಿ ಕಟ್ಟಿ, ಈಗ ಅಂಗಡಿ ಮುಚ್ಚಿ ಕೂತಿದ್ದೇನೆ. ರೆಕಾರ್ಡುಗಳು ಮತ್ತೆ ಬರುತ್ತಿವೆಯಂತೆ. ಹೊಸದಾಗಿ ಈ ಕೆಲಸಕ್ಕೆ ಇಳಿದ ಕೆಲವರು ಬಂದು, ನಿಮ್ಮ ಅನುಭವ ಬರೆದುಕೊಡಿ ಅಂದರು. ಅನುಭವ ಎಂಬ ಮಾತು ಕೇಳಿದರೆ ನನಗೆ ಹಳೆಯ ಕೆಪ್ಯಾಸಿಟರ್ ನೆನಪಾಗುತ್ತದೆ. ಮೈಮೇಲೆ ಅಚ್ಚಾದ ಅಂಕಿ ಹಾಗೇ ಇರುತ್ತದೆ, ಒಳಗೆ ಏನು ಉಳಿದಿದೆ ಎಂಬುದು ಅಳೆದರೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಬರೆಯುತ್ತ ಅಳೆಯುತ್ತ ಹೋಗುತ್ತೇನೆ. ಅಲ್ಲಲ್ಲಿ ಹಿಂದೆ ಬರೆದದ್ದನ್ನು ತಿದ್ದಬೇಕಾಗಬಹುದು. ಅಳಿಸುವುದಿಲ್ಲ, ಪಕ್ಕದಲ್ಲೇ ಸರಿಯಾದದ್ದನ್ನು ಬರೆಯುತ್ತೇನೆ.

ನಾನು ಯಗಟಿಯವನು. ಎಪ್ಪತ್ತರ ದಶಕದ ಮೊದಲಲ್ಲಿ ಬಸ್ಸು ಹತ್ತಿ ಕಡೂರಿಗೆ ಬಂದು ಕರೀಂ ಸಾಹೇಬರ ರೇಡಿಯೋ ಅಂಗಡಿ ಸೇರಿದೆ. ಸಾಹೇಬರು ಒಳ್ಳೆಯ ಗುರು ಎಂದು ಬರೆಯುವುದು ವಾಡಿಕೆ. ಅವರು ಸಿಡುಕರು. ಬೆಸುಗೆ ಸರಿಯಾಗಿ ಕೂರದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಬೆರಳ ಗೆಣ್ಣಿಗೆ ಬಾರಿಸುತ್ತಿದ್ದರು. ಮೀಟರನ್ನು ನಂಬುತ್ತಿರಲಿಲ್ಲ, ಸಣ್ಣ ಬ್ಯಾಟರಿಯನ್ನು ನಾಲಿಗೆಗೆ ತಾಗಿಸಿ ಜೀವ ಇದೆಯೋ ಇಲ್ಲವೋ ಹೇಳುತ್ತಿದ್ದರು. ರೇಡಿಯೋ ತಂದು ಇಟ್ಟ ಕೂಡಲೇ ನಾನು ಸ್ಕ್ರೂಗೆ ಕೈ ಹಾಕಿದರೆ, "ಲೇ ತಿಪ್ಪೇಶಿ, ಮೊದ್ಲು ಕೇಳು, ಆಮೇಲೆ ಬಿಚ್ಚು. ಡಾಕ್ಟ್ರು ಬಾಯಿ ನೋಡ್ದೆ ಹೊಟ್ಟೆ ಕುಯ್ತಾನೇನೋ?" ಅನ್ನುತ್ತಿದ್ದರು.

ಕೇಳುವುದು ನನಗೆ ಬರುತ್ತಿರಲಿಲ್ಲ. ನಾನು ಪಳಗಿದ್ದು ಮೈಕ್‌ಸೆಟ್ಟಿನಲ್ಲಿ. ಮದುವೆ, ನಾಟಕ, ಭಾಷಣ ಎಲ್ಲದಕ್ಕೂ ತಗಡಿನ ಹಾರ್ನು ಕಟ್ಟುವುದು. ಹಾರ್ನಿಗೆ ಒಂದೇ ಧರ್ಮ: ದೂರಕ್ಕೆ ಕೇಳಬೇಕು. ಬುಕ್ಕಾಂಬುಧಿಯ ಒಂದು ಮದುವೆಗೆ ಎರಡು ಹಾರ್ನನ್ನು ಕೆರೆಯ ಕಡೆ ತಿರುಗಿಸಿ ಕಟ್ಟಿದ್ದೆ. ನೀರಿನ ಮೇಲೆ ಸದ್ದು ಜಾರಿಕೊಂಡು ಹೋಗುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಆಚೆ ದಡದಿಂದ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ಬಂದು, "ಏನಪ್ಪಾ, ಮದ್ವೆ ನಿಮ್ದು, ವಾಲ್ಗ ನಮ್ಗಾ? ನಮ್ ಎಮ್ಮೆ ಹಾಲ್ ಕೊಡ್ವಲ್ದು ಕಣೋ" ಅಂದ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಇಂಥವನನ್ನು ಮಲ್ಲೇಶಪ್ಪನವರು ಹೇಳಿ ಕಳಿಸಿ ಕರೆಸಿದರು. ಅವರದು ಕೊಬ್ಬರಿ, ಈರುಳ್ಳಿ ವ್ಯಾಪಾರ. ದೊಡ್ಡ ದೇಹ, ಅದಕ್ಕಿಂತ ದೊಡ್ಡ ಗಂಟಲು. ಬೆಂಗಳೂರಿನಿಂದ ಸ್ಟೀರಿಯೋ ರೆಕಾರ್ಡ್ ಪ್ಲೇಯರು, ಎರಡು ಸ್ಪೀಕರು, ಒಂದು ಕಟ್ಟು ಎಲ್.ಪಿ. ತಂದಿದ್ದರು. ಶಹನಾಯಿ, ವೀಣೆ, ಹಿಂದೂಸ್ತಾನಿ ಗಾಯನ. ಕಡೂರಿನಿಂದ ತರೀಕೆರೆಯವರೆಗೆ ಅಂಥದ್ದನ್ನು ನಾನು ಇನ್ನೊಂದು ಮನೆಯಲ್ಲಿ ನೋಡಿರಲಿಲ್ಲ. ಅವರದನ್ನೂ ಆವರೆಗೆ ನೋಡಿರಲಿಲ್ಲ, ನೋಡಿದವನ ಹಾಗೆ ಪೆಟ್ಟಿಗೆ ಬಿಚ್ಚಿದೆ.

ಪ್ಲೇಯರನ್ನೂ ಸ್ಪೀಕರುಗಳನ್ನೂ ಹಜಾರದ ಒಂದೇ ಮೇಜಿನ ಮೇಲೆ ಇಟ್ಟೆ. ಮೈಕ್‌ಸೆಟ್ಟಿನಲ್ಲಿ ಎಲ್ಲ ಒಂದೇ ಕಡೆ ಇದ್ದರೆ ಕಾಯಲು ಸುಲಭ. ಮುಳ್ಳು ರೆಕಾರ್ಡಿನ ಮೇಲೆ ಕೂತ ಕೂಡಲೇ ಕೋಣ ಕೂಗಿದ ಹಾಗೆ ಒಂದು ಸದ್ದು ಎದ್ದಿತು. ಸ್ಪೀಕರಿನ ನಡುಕ ಮೇಜಿಗೆ, ಮೇಜಿನದು ಮುಳ್ಳಿಗೆ, ಮುಳ್ಳಿನದು ಮತ್ತೆ ಸ್ಪೀಕರಿಗೆ. ಸ್ಪೀಕರುಗಳನ್ನು ಬೇರೆ ಮಾಡಿದೆ. ಆಗ ಯಾರಾದರೂ ಅಟ್ಟದ ಮೇಲೆ ನಡೆದರೆ ಮುಳ್ಳು ಹಾರಿ ಮುಂದಿನ ಹಾಡಿಗೆ ಹೋಗುತ್ತಿತ್ತು. ಕೊನೆಗೆ ಗೋಡೆಯಲ್ಲಿದ್ದ ಕಲ್ಲಿನ ಗೂಡು ಖಾಲಿ ಮಾಡಿಸಿ ಪ್ಲೇಯರನ್ನು ಅದರಲ್ಲಿ ಕೂರಿಸಿದೆ. ಎರಡಡಿ ದಪ್ಪದ ಗೋಡೆ. ಆನೆ ನಡೆದರೂ ಅಲುಗುವುದಿಲ್ಲ. ನೀವೂ ಎಲ್ಲಿಗೇ ಹೋದರೂ ಮೊದಲು ಆ ಮನೆಯಲ್ಲಿ ಅಲುಗದಿರುವುದು ಯಾವುದು ಎಂದು ಹುಡುಕಿ.

ಹಾಡು ಹತ್ತಿತು. ಮಲ್ಲೇಶಪ್ಪನವರು ತೊಡೆ ತಟ್ಟಿದರು. ನಾನು ಸ್ಕ್ರೂಡ್ರೈವರು ಜೇಬಿಗೆ ಹಾಕಿದೆ. ಆಗ ನಡುಮನೆಯ ಬಾಗಿಲ ಹಿಂದಿನಿಂದ ಒಂದು ಹೆಂಗಸಿನ ದನಿ:

"ಏನಪ್ಪಾ, ಈ ಹಾಡೋಳು ಎಲ್ಲಿ ಕೂತವಳೆ?"

"ರೆಕಾರ್ಡ್ ಒಳ್ಗೆ ಅಕ್ಕ," ಅಂದೆ, ಬುದ್ಧಿವಂತನ ಹಾಗೆ.

"ಅದು ಗೊತ್ತು ಕಣಪ್ಪ. ನನ್ ತಲೆ ಹಿಂದ್ಗಡೆ ಕೂತಂಗಿದಾಳೆ. ಹಾಡೋರು ಎದುರ್ಗೆ ಕೂತ್ಕಬೇಕಲ್ವಾ?"

ಅವರು ಪಾರ್ವತಮ್ಮ, ಮಲ್ಲೇಶಪ್ಪನವರ ತಂಗಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವರು. ನನಗೆ ಇಪ್ಪತ್ತೈದು, ಅವರಿಗೆ ನಲವತ್ತರ ಹತ್ತಿರ. ನಾನು ಪಾರ್ವತಕ್ಕ ಅನ್ನುತ್ತಿದ್ದೆ. ಅವರು ಹೇಳಿದ್ದು ನನಗೆ ಅರ್ಥವಾಗಲಿಲ್ಲ. ಕಡೂರಿಗೆ ಹೋಗಿ ಸಾಹೇಬರಿಗೆ ಹೇಳಿದೆ. ಅವರು ನನ್ನ ಬೆರಳಿಗೆ ಬಾರಿಸಲಿಲ್ಲ, ಅದರಿಂದಲೇ ಹೆದರಿಕೆಯಾಯಿತು. "ಒಂದು ಸ್ಪೀಕರ್ ಮುಂದಕ್ಕೆ ತಳ್ತಿದ್ರೆ ಇನ್ನೊಂದು ಹಿಂದಕ್ಕೆ ಎಳೀತಿದೆ. ಒಂದರ ತಂತಿ ಅದಲುಬದಲು ಮಾಡು. ಅದನ್ನ ಕಂಡುಹಿಡಿದ ಹೆಂಗಸಿಗೆ ನನ್ನ ಸಲಾಮ್ ಹೇಳು, ಅಂಗಡಿಗೆ ನಿನ್ನ ಬದಲು ಅವರು ಬರ್ತಾರಾ ಕೇಳು."

ಮರುದಿನ ಹೋಗಿ ಬಲಗಡೆಯ ಸ್ಪೀಕರಿನ ಎರಡು ತಂತಿ ತಿರುವಿ ಹಾಕಿದೆ. ಬಾಗಿಲ ಹಿಂದಿನಿಂದ, "ಹಾ, ಬಂದ್ಲು. ಕಿಟಕಿ ಕೆಳ್ಗೆ ಕೂತ್ಕಂಡ್ಲು" ಅಂತ ಕೇಳಿತು. ನಾನೂ ಕಿಟಕಿಯ ಕಡೆ ನೋಡಿದೆ. ಅಲ್ಲಿ ಒಬ್ಬಳು ಕೂತು ಹಾಡುತ್ತಿದ್ದಳು. ನಾನು ಮೊದಲ ಸಲ ಕೇಳಿದ್ದು ಆವತ್ತು. ಅಂದಿನಿಂದ ಟಾರ್ಚಿನ ಸೆಲ್ಲನ್ನು ಸ್ಪೀಕರಿನ ತಂತಿಗೆ ತಾಗಿಸಿ, ಅದರ ಮುಖದ ಕಾಗದ ಯಾವ ಕಡೆ ಉಬ್ಬುತ್ತದೆ ನೋಡಿ ಗುರುತು ಹಾಕದೆ ನಾನು ಯಾವ ಸ್ಪೀಕರನ್ನೂ ಕಟ್ಟಿಲ್ಲ. ಈ ಪಾಠ ಪುಸ್ತಕದಲ್ಲಿದೆ. ನನಗೆ ಹೇಳಿದ್ದು ಬಾಗಿಲ ಹಿಂದಿನ ದನಿ.

ರೆಕಾರ್ಡು ಹಾಕುವುದು ಪಾರ್ವತಕ್ಕನ ಕೆಲಸವಾಯಿತು. ಮಲ್ಲೇಶಪ್ಪನವರ ಬೆರಳು ಮೂಟೆ ಎತ್ತಿದ ಬೆರಳು, ಮುಳ್ಳು ಇಳಿಸಲು ಹೋದರೆ ಬರ್ರೆಂದು ಗೀರುತ್ತಿತ್ತು. ಪಾರ್ವತಕ್ಕ ಹಳೆಯ ರೇಷ್ಮೆ ಸೀರೆಯ ತುಂಡಿನಿಂದ ರೆಕಾರ್ಡಿನ ಧೂಳು ತೆಗೆದು, ಉಸಿರು ಹಿಡಿದು ಮುಳ್ಳು ಇಳಿಸುತ್ತಿದ್ದರು. ಇಳಿಸಿ ಒಳಗೆ ಹೋಗಬೇಕು. ಒಲೆಯ ಮುಂದೆ ಏನೂ ಕೇಳುವುದಿಲ್ಲ. ಒಂದು ಮಗ್ಗುಲು ಮುಗಿದಾಗ ಅಣ್ಣ ಕೂಗುತ್ತಾರೆ, ಬಂದು ತಿರುವಿ ಹಾಕಬೇಕು, ಮತ್ತೆ ಒಳಗೆ. ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೇಳುವ ಕಿವಿಗೆ ಸಿಗುತ್ತಿದ್ದದ್ದು ಪ್ರತಿ ಹಾಡಿನ ಮೊದಲ ಒಂದು ಚಿಟಿಕೆ.

"ಅಣ್ಣಾ, ಅಡುಗೆಮನೆಗೂ ಒಂದು ವೈರ್ ಎಳ್ಸು" ಎಂದು ಕೇಳಿದ್ದು ಅವರು. ಮಲ್ಲೇಶಪ್ಪನವರು ನನ್ನನ್ನು ಕರೆದು, "ಇಡೀ ಮನೆಗೆ ಕೇಳ್ಬೇಕು ಕಣಯ್ಯ ತಿಪ್ಪೇಶಿ. ಅಡುಗೆಮನೆ, ನನ್ ಕೋಣೆ, ಹಿತ್ಲು. ಒಂದ್ ಹಾಡು, ಮನೆ ತುಂಬಾ" ಅಂದಾಗ ಅದು ಅವರದೇ ಯೋಚನೆಯಾಗಿತ್ತು.

ಮನೆತುಂಬ ಹಾಡು ಎಂದರೆ ಸುಲಭ ಎಂದುಕೊಂಡೆ. ಹೊಸ ಸ್ಪೀಕರುಗಳ ತಂತಿಗಳನ್ನೆಲ್ಲ ಹಳೆಯವುಗಳ ಜೊತೆ ಸೇರಿಸಿ ಹೊಸೆದುಬಿಟ್ಟೆ. ಅರ್ಧ ಹಾಡಿಗೆ ಆಂಪ್ಲಿಫೈಯರು ಬೆವರಿತು, ಮುಕ್ಕಾಲಿಗೆ ಹೊಗೆ ಬಂತು. ಐದು ಜನರ ಹೊರೆಯನ್ನು ಒಬ್ಬನ ತಲೆಗೆ ಹೊರಿಸಿದ್ದೆ. ಮೈಕ್‌ಸೆಟ್ಟಿನಲ್ಲಿ ಉದ್ದದ ಲೈನಿಗೆ ಹಾಕುವ ಟ್ರಾನ್ಸ್‌ಫಾರ್ಮರುಗಳನ್ನು ಒಂದೊಂದು ಸ್ಪೀಕರಿಗೂ ಹಾಕಿದ ಮೇಲೆ ಸರಿಹೋಯಿತು. ಅಡುಗೆಮನೆಯ ಸ್ಪೀಕರನ್ನು ಕುತ್ತಿಗೆ ಗಿಡ್ಡವಾದ ಮಣ್ಣಿನ ಗುಡಾಣದ ಬಾಯಿಗೆ ಕೂರಿಸಿದೆ. ಗುಡಾಣದ ಹೊಟ್ಟೆಯಿಂದ ದನಿ ದುಂಡಾಗಿ ಬರುತ್ತಿತ್ತು. ಸ್ಪೀಕರಿನ ಹರಿದ ಕಾಗದಕ್ಕೆ ಮೈದಾ ಅಂಟಿನ ತೇಪೆ ಹಾಕಿದ್ದೆ, ಜಿರಲೆಗಳು ವಾರದಲ್ಲಿ ತಿಂದು ಮುಗಿಸಿದವು. "ನಿನ್ ಸ್ಪೀಕರ್ ತಿನ್ನಕ್ಕೆ ಜಿರಲೆಗಳ್ನ ನಾವೇನ್ ಊಟಕ್ಕೆ ಕರ್ದಿರ್ಲಿಲ್ಲಪ್ಪ" ಎಂದು ಮಲ್ಲೇಶಪ್ಪನವರ ಹೆಂಡತಿ ರುದ್ರಮ್ಮನವರು ನಕ್ಕರು. ಆಮೇಲೆ ಅಂಟಿಗೆ ಮೈಲುತುತ್ತ ಬೆರೆಸಿದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆ ದಿನಗಳಲ್ಲಿ ಪಾರ್ವತಕ್ಕ ರಾಗಿ ಮುದ್ದೆ ತೊಳಸುತ್ತ ಶಹನಾಯಿ ಕೇಳುತ್ತಿದ್ದರು. "ಇವನು ಉಸ್ರು ಎಲ್ಲಿ ತಗಂತಾನೆ ಅಂತ ಈಗ ಗೊತ್ತಾಯ್ತು ಕಣೋ" ಎಂದು ನನಗೆ ಒಂದು ಸಲ ಹೇಳಿದರು. ಅದಕ್ಕಿಂತ ದೊಡ್ಡ ಸಂಭಾವನೆ ನನಗೆ ಬಂದಿಲ್ಲ. ಆದರೆ ನಾನು ಕೈ ಕಟ್ಟಿಕೊಂಡು ಕೂರುವವನಲ್ಲ.

ಮಲ್ಲೇಶಪ್ಪನವರಿಗೆ ಒಂದು ಕೊರತೆ ಇತ್ತು. ಹಜಾರದಿಂದ ಅವರು ಕೂಗಿದರೆ ಅಡುಗೆಮನೆಗೇನು, ರೈಲ್ವೆ ಸ್ಟೇಷನ್ನಿಗೂ ಕೇಳುತ್ತಿತ್ತು. ಒಳಗಿನಿಂದ "ಬಂದೆ" ಎಂದದ್ದು ಮಾತ್ರ ಅವರಿಗೆ ಕೇಳುತ್ತಿರಲಿಲ್ಲ. ಕೇಳದೆ ಮತ್ತೆ ಕೂಗುವುದು, ರೇಗುವುದು. ನನಗೆ ಥಟ್ಟನೆ ಹೊಳೆಯಿತು. ಸ್ಪೀಕರು ಬಾಯಿ ಮಾತ್ರ ಅಲ್ಲ, ತಿರುವಿ ಹಾಕಿದರೆ ಕಿವಿಯೂ ಹೌದು. ಎದುರಿಗೆ ಮಾತಾಡಿದರೆ ಅದರ ಕಾಗದ ನಡುಗಿ ತಂತಿಯಲ್ಲಿ ಚೂರು ಕರೆಂಟು ಹುಟ್ಟುತ್ತದೆ. ಹಳೆಯ ರೇಡಿಯೋದ ಟ್ರಾನ್ಸ್‌ಫಾರ್ಮರ್ ಒಂದನ್ನು ಹಿಂದುಮುಂದಾಗಿ ಹಾಕಿ ಆ ಚೂರನ್ನು ಹಿಗ್ಗಿಸಿದೆ. ಹಜಾರದಲ್ಲಿ ಒಂದು ಸ್ವಿಚ್ಚು. ಒಂದು ಕಡೆಗೆ ಇದ್ದರೆ ಹಾಡು ಅಡುಗೆಮನೆಗೆ ಹೋಗುತ್ತದೆ. ಇನ್ನೊಂದು ಕಡೆಗೆ ತಿರುವಿದರೆ ಅಡುಗೆಮನೆಯ ಸದ್ದು ಹಜಾರಕ್ಕೆ ಬರುತ್ತದೆ.

ಸಾಹೇಬರು ಕೇಳಿ ತಲೆಯಾಡಿಸಿದರು. "ಮಾಡು. ಆದ್ರೆ ಬೆರಳು ತೆಗೆದ್ರೆ ತಾನಾಗಿ ವಾಪಸ್ ಬರೋ ಸ್ಪ್ರಿಂಗ್ ಸ್ವಿಚ್ ಹಾಕು. ಇಲ್ದಿದ್ರೆ ಹಾಕ್ಬೇಡ." ಅಂಥ ಸ್ವಿಚ್ಚು ಬೆಂಗಳೂರಿನಿಂದ ಬರಬೇಕಿತ್ತು. ಅದೇ ವಾರ ತರೀಕೆರೆಯಿಂದ ಮಲ್ಲೇಶಪ್ಪನವರ ಮಗಳು ನಿರ್ಮಲಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವರ ಮುಂದೆ ಇದನ್ನು ತೋರಿಸಬೇಕು ಎಂದು ಮಲ್ಲೇಶಪ್ಪನವರಿಗೆ ಆಸೆ. ಅವರಿಗೆ ಆಸೆ ಎಂದು ಬರೆದೆ. ನನಗೆ ಹೆಚ್ಚು ಆಸೆ. ಕರೆಂಟ್ ಸಾಮಾನಿನ ಅಂಗಡಿಯಿಂದ ಮೆಟ್ಟಿಲ ದೀಪಕ್ಕೆ ಹಾಕುವ ಸ್ವಿಚ್ಚು ತಂದು ಹಾಕಿದೆ. ಕೆಳಗಿನಿಂದಲೂ ಹೊತ್ತಿಸಬಹುದು, ಮೇಲಿನಿಂದಲೂ ಆರಿಸಬಹುದು, ಅಂಥದ್ದು. ಅದು ಹೇಗೆ ಬಿಟ್ಟರೆ ಹಾಗೇ ಇರುತ್ತದೆ. ನೋಡಿದರೆ ಯಾವ ಕಡೆಗಿದೆ ಎಂದೂ ತಿಳಿಯುವುದಿಲ್ಲ.

ಪಾರ್ವತಕ್ಕ ಗುಡಾಣವನ್ನೂ ನನ್ನನ್ನೂ ನೋಡಿದರು. "ಇದು ಈಗ ಹಾಡ್ತಿದೆಯೋ ಕೇಳಿಸ್ಕತಿದೆಯೋ ಅಂತ ಒಳ್ಗಿರೋರಿಗೆ ಹೆಂಗ್ ಗೊತ್ತಾಗ್ಬೇಕು?"

"ಹಾಡು ಬತ್ತಿದ್ರೆ ಹಾಡ್ತಿದೆ ಅಂತ ಅಕ್ಕ."

"ಹಾಡು ಹಾಕ್ದೇ ಇದ್ದಾಗ?"

"ಒಂದ್ ಸಣ್ಣ ದೀಪ ಹಾಕ್ಕೊಡ್ತೀನಿ. ಕೇಳಿಸ್ಕತಿದ್ರೆ ಕೆಂಪಗೆ ಹತ್ತತ್ತೆ. ಮುಂದಿನ್ ಸಲ ಬಂದಾಗ."

ಮುಂದಿನ ಸಲ ಬಂದದ್ದು ಗಂಡಿನ ಕಡೆಯವರು ಬಂದ ದಿನವೇ. ದೀಪ ತಂದಿರಲಿಲ್ಲ.

ಹೋಳಿಗೆ ಊಟ ಮುಗಿದಿತ್ತು. ಹಜಾರದಲ್ಲಿ ಗಂಡಿನ ತಂದೆ, ಗಂಡು, ಮಲ್ಲೇಶಪ್ಪನವರು, ಇನ್ನಿಬ್ಬರು ಹಿರಿಯರು. ನಾನು ಗೂಡಿನ ಪಕ್ಕ ನಿಂತಿದ್ದೆ. ಅಲ್ಲ, ಕೂತಿದ್ದೆ, ನನಗೂ ಹೋಳಿಗೆ ಬಡಿಸಿದ್ದರು. ಹಾಡು ನಿಲ್ಲಿಸಿ ಮಲ್ಲೇಶಪ್ಪನವರು ನನ್ನ ಕಡೆ ಕಣ್ಣು ಮಾಡಿದರು. ನಾನು ಸ್ವಿಚ್ಚು ತಿರುವಿದೆ. ಅವರು "ಪಾರ್ವತೀ, ಎಲೆಅಡಿಕೆ!" ಎಂದು ಕೂಗಿದರು. ಎರಡು ದೊಡ್ಡ ಸ್ಪೀಕರುಗಳಿಂದ, ಕಿವಿಯ ಪಕ್ಕದಲ್ಲೇ ನಿಂತ ಹಾಗೆ, "ಬಂದೆ ಅಣ್ಣಾ" ಎಂದು ಬಂತು. ಗಂಡಿನ ತಂದೆ ಬೆಚ್ಚಿಬಿದ್ದು, ಆಮೇಲೆ, "ಎಲಾ ಇವ್ನ! ಮನೇನೇ ಟೆಲಿಫೋನ್ ಮಾಡ್ಬಿಟ್ಟಿದೀಯಲ್ಲಯ್ಯ" ಅಂದರು. ಎಲ್ಲರೂ ನನ್ನನ್ನು ನೋಡಿದರು. ಎಲೆಅಡಿಕೆಯ ತಟ್ಟೆ ಬಂದು ಹೋಯಿತು. ನಾನು ಕಾಗದ, ಕಾಂತ, ಕರೆಂಟು ಎಂದು ವಿವರಿಸತೊಡಗಿದೆ. ಸ್ವಿಚ್ಚು ಹಾಗೇ ಇತ್ತು.

ಸ್ಪೀಕರಿನಲ್ಲಿ ಪಾತ್ರೆಯ ಸದ್ದು. ಬಳೆಯ ಸದ್ದು. ಆಮೇಲೆ ರುದ್ರಮ್ಮನವರ ದನಿ:

"ಬೀಗ್ರು ಬೇಡ ಬೇಡ ಅಂತ ಎಷ್ಟ್ ಹೋಳ್ಗೆ ತಿಂದ್ರೇ ಪಾರ್ವತಿ?"

"ಏಳು ಕಣತ್ಗೆ. ಒಂದೊಂದ್ ಹೋಳ್ಗೆಗೂ ಒಂದೊಂದ್ ನೀತಿ ಹೇಳುದ್ರು. ಇನ್ನೆರಡು ಬಡ್ಸಿದ್ರೆ ಸ್ವಾಮಿಗಳೇ ಆಗ್ಬಿಡೋರು."

ರುದ್ರಮ್ಮನವರ ನಗು.

"ಹುಡ್ಗ ಹೆಂಗೇ?"

"ಅಪ್ಪ ನಗು ಅಂದ್ರೆ ನಗ್ತಾನೆ, ಕೆಮ್ಮು ಅಂದ್ರೆ ಕೆಮ್ತಾನೆ. ನಮ್ ನಿರ್ಮಲನ್ನ ಅಪ್ಪಂಗ್ ಕೊಡ್ತಿದೀವೋ ಮಗಂಗ್ ಕೊಡ್ತಿದೀವೋ ಕೇಳ್ಬೇಕು."

ಈಗ ನಾನು ಯಾವತ್ತೂ ಹೇಳದ ಭಾಗಕ್ಕೆ ಬಂದೆ. ಸ್ವಿಚ್ಚು ನನ್ನ ಕೈಗೆ ಎಟುಕುವಷ್ಟು ಹತ್ತಿರ ಇತ್ತು. ಹೋಳಿಗೆಯ ಮಾತು ಬಂದಾಗಲೇ ತಿರುವಬಹುದಿತ್ತು. ನಾನು ಅಲುಗಲಿಲ್ಲ. ಗಾಬರಿಯಾಗಿ ಕೈ ಓಡಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನಾನು ಕೇಳುತ್ತಿದ್ದೆ. ಬಳೆ ಗುಡಾಣದ ಅಂಚಿಗೆ ತಾಗಿದ್ದು, ನಗುವ ಮೊದಲಿನ ಉಸಿರು, ಒಲೆಯ ಚಟಪಟ ಎಲ್ಲ ಅಷ್ಟು ಸ್ವಚ್ಛವಾಗಿ ಬರುತ್ತಿತ್ತು. ಇಷ್ಟು ಚೆನ್ನಾಗಿ ಬರುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ. ನನ್ನ ಕಿವಿಗೆ ಬಿದ್ದದ್ದು ದನಿ, ಮಾತಲ್ಲ. ಅವರ ಮಾತಿನಿಂದ ಆ ಹಜಾರದಲ್ಲಿ ಏನು ಒಡೆಯುತ್ತಿದೆ ಎಂಬುದು, ಗಂಡಿನ ತಂದೆ ಎದ್ದು ಶಲ್ಯ ಕೊಡವಿದಾಗ ಗೊತ್ತಾಯಿತು. ಗಂಡು ಕೆಮ್ಮಿದ. ಯಾರೂ ಕೆಮ್ಮು ಅಂದಿರಲಿಲ್ಲ, ಪಾಪ.

ಅವರು ಒಳ್ಳೆಯ ಮಾತಾಡಿಯೇ ಹೋದರು. ನಾಲ್ಕು ದಿನಕ್ಕೆ, ಜಾತಕದ ಸಾಲಾವಳಿ ಕೂಡಿಬರಲಿಲ್ಲ ಎಂದು ಹೇಳಿ ಕಳಿಸಿದರು.

ಆವತ್ತು ಅವರು ಹೊರಟ ಮೇಲೆ ಮಲ್ಲೇಶಪ್ಪನವರು ನನ್ನತ್ತ ತಿರುಗಿ, "ಏನಯ್ಯಾ ಇದು?" ಅಂದರು. ನನ್ನ ಹೆಸರು, ನನ್ನ ಕೈಕೆಲಸ ಎಲ್ಲ ಆ ಮನೆಯಿಂದ ಹೊರಟು ಕಡೂರು ತರೀಕೆರೆ ಸುತ್ತುವುದು ನನ್ನ ಕಣ್ಣಿಗೆ ಕಂಡಿತು. ಸ್ವಿಚ್ಚನ್ನು ಮೆಲ್ಲಗೆ ಹಿಂದಕ್ಕೆ ತಿರುವಿ, "ನಾನು ಆಗ್ಲೇ ಆಫ್ ಮಾಡಿದ್ದೆ ಯಜಮಾನ್ರೇ. ಒಳ್ಗೆ ಯಾರೋ ವೈರ್ ಮುಟ್ಟಿರ್ಬೇಕು" ಅಂದೆ.

ನಡುಮನೆಯ ಬಾಗಿಲಲ್ಲಿ ಪಾರ್ವತಕ್ಕ ನಿಂತಿದ್ದರು. ಅವರು ನನ್ನನ್ನು ನೋಡಿದರು, ಸ್ವಿಚ್ಚನ್ನು ನೋಡಿದರು. ಒಳಗೆ ಹೋದರು.

ಮಲ್ಲೇಶಪ್ಪನವರು ಅಡುಗೆಮನೆಯ ವೈರನ್ನು ನನ್ನ ಕೈಯಿಂದಲೇ ಕಡಿಸಿದರು. ಗೂಡಿಗೆ ಗಾಜಿನ ಬಾಗಿಲು ಬಂತು, ಬೀಗ ಬಂತು, ಬೀಗದ ಕೈ ಅವರ ಉಡಿದಾರಕ್ಕೆ ಹೋಯಿತು. ಅವರಿಗೆ ಮುಳ್ಳು ಇಳಿಸಲು ಬಾರದು, ತಂಗಿಗೆ ಮುಟ್ಟಲು ಬಿಡರು. ಆದ್ದರಿಂದ ಹಾಡೇ ನಿಂತಿತು. ನಿರ್ಮಲ ಎರಡು ವರ್ಷದ ಮೇಲೆ ಕಡೂರಿಗೇ ಮದುವೆಯಾಗಿ ಬಂದಳು. ನಮ್ಮ ಅಂಗಡಿಯ ಮುಂದೆ ಸಿಕ್ಕರೆ, "ನನ್ನ ಬಚಾವ್ ಮಾಡಿದ್ದು ನಿಮ್ ಗುಡಾಣ ಕಣ್ರೀ" ಎಂದು ನಗುತ್ತಿದ್ದಳು. ಆ ನಗು ಹಿಡಿದೇ ನಾನು ಇಲಿಯ ಕಥೆ ಕಟ್ಟಿದ್ದು. ಒಂದು ಸಲ ಮಾತ್ರ ಅವಳು, "ಪಾರ್ವತಿ ಅತ್ತೆ ಮೇಲೆ ಅಪ್ಪಂಗೆ ಇನ್ನೂ ಸಿಟ್ಟು. ಮಾತಿಗ್ ಮುಂಚೆ ಮದ್ವೆ ಮುರಿದೋಳು ಅಂತಾರೆ" ಅಂದಳು. ನಾನು ಯಾವುದೋ ರೇಡಿಯೋದೊಳಗೆ ತಲೆ ಇಟ್ಟೆ.

ನಡುವೆ ಕೆಲಸವೇ ಬದಲಾಯಿತು. ವಾಲ್ವುಗಳು ಹೋದವು, ಟ್ರಾನ್ಸಿಸ್ಟರುಗಳ ಜಾಗಕ್ಕೆ ಜರಿಹುಳುವಿನಂಥ ಐ.ಸಿ.ಗಳು ಬಂದವು. ಕರೀಂ ಸಾಹೇಬರು ಅವನ್ನು ನಾಲಿಗೆಗೆ ತಾಗಿಸಿ ನೋಡಲಾಗದೆ ಬೇಸತ್ತು ಅಂಗಡಿಯನ್ನು ನನಗೆ ಬಿಟ್ಟರು. ಎಂಬತ್ತರ ದಶಕಕ್ಕೆ ಕ್ಯಾಸೆಟ್ಟು ಬಂದು ರೆಕಾರ್ಡುಗಳನ್ನು ಅಟ್ಟಕ್ಕೆ ಹತ್ತಿಸಿತು. ಆಗ ಮಲ್ಲೇಶಪ್ಪನವರಿಂದ ಮತ್ತೆ ಕರೆ. "ಆ ಹಳೇ ದರಿದ್ರ ಬಿಚ್ಚಿ ತಗಂಡ್ ಹೋಗಯ್ಯ. ಟೇಪ್ ರೆಕಾರ್ಡರ್ ತಂದಿದೀನಿ, ಹಜಾರಕ್ಕೆ ಕೂರ್ಸು. ಮುಳ್ಳಿಲ್ಲ, ಉಜ್ಜೋದಿಲ್ಲ, ಯಾರ್ ಬೇಕಾದ್ರೂ ಹಾಕ್ಬೋದು."

ಮಲ್ಲೇಶಪ್ಪನವರೇ ಬೀಗ ತೆಗೆದುಕೊಟ್ಟ ಮೇಲೆ ಗಾಜಿನ ಬಾಗಿಲು ತೆಗೆದೆ. ರೆಕಾರ್ಡುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಮೇಲೆ ರೇಷ್ಮೆ ತುಂಡು, ಮಡಿಸಿದ್ದು ಮಡಿಸಿದ ಹಾಗೆ. ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಗುಡಾಣ ಅಲ್ಲೇ ಇತ್ತು, ಕತ್ತರಿಸಿದ ವೈರಿನ ತುದಿ ಗೋಡೆಯಿಂದ ಇಣುಕುತ್ತಿತ್ತು. ಪಾರ್ವತಕ್ಕನ ತಲೆ ಅರ್ಧ ನರೆತಿತ್ತು. ಚೊಂಬು ಕೊಟ್ಟರು. ಕುಡಿದೆ.

"ಅಕ್ಕಾ, ಆವತ್ತು ಸ್ವಿಚ್ ತಿರುಗ್ಸದೇ ಬಿಟ್ಟೋನು ನಾನು."

"ಗೊತ್ತು."

"ಗೊತ್ತಿದ್ದೂ ಯಾಕ್ ಹೇಳ್ಲಿಲ್ಲ?"

"ನಾನ್ ಹೇಳಿದ್ರೆ ನಂಬೋರ್ಯಾರು? ಮಾತಾಡ್ದೋಳು ನಾನೇ ಅಲ್ವಾ? ಹೇಳ್ಬೇಕಾದೋನು ನೀನು. ಹೇಳ್ತೀಯ ಅಂತ ಆ ದಿನ ನೋಡ್ದೆ. ಆ ವರ್ಷ ನೋಡ್ದೆ."

"ಈಗ ಹೇಳ್ತಿದೀನಲ್ಲ ಅಕ್ಕ."

"ಇಲ್ಲಿ ಹೇಳಿದ್ರೆ ಒಲೆಗ್ ಹೇಳ್ದಂಗೆ. ಒಲೆ ನಂಗೆ ಏನೂ ಅಂದಿಲ್ಲ. ಹಜಾರದಲ್ ಹೇಳು." ಗಲ್ಲದಿಂದ ಗುಡಾಣವನ್ನು ತೋರಿಸಿದರು. "ನಾನ್ ಅಲ್ಲಿಗೆ ಬರಲ್ಲ. ಬಂದ್ರೆ ನಾನೇ ಹೇಳ್ಸಿದೆ ಅಂತಾನೆ ನಮ್ಮಣ್ಣ. ಇಲ್ಲೇ ಕೂತ್ಕಂಡು ಕೇಳ್ತೀನಿ. ಆವತ್ತು ನಮ್ ಮಾತು ಅಲ್ಲಿಗೆ ಕಳ್ಸಿದ್ಯಲ್ಲ, ಇವತ್ತು ಅಲ್ಲಿಂದ್ ಇಲ್ಲಿಗ್ ಕಳ್ಸು. ಆಗತ್ತಾ, ಆಗಲ್ವಾ?"

ಆಗುತ್ತದೆ. ಆ ತಂತಿಗೆ ಎರಡು ದಿಕ್ಕೂ ಒಂದೇ. ಕತ್ತರಿಸಿದ ವೈರು ಬೆಸೆದೆ. ಹಜಾರದ ಎಡಗಡೆಯ ಸ್ಪೀಕರನ್ನು ಕಿವಿ ಮಾಡಿ, ಗುಡಾಣವನ್ನು ಬಾಯಿ ಮಾಡಿದೆ. ಅಷ್ಟು ಹೊತ್ತಿಗೆ ಸ್ಪ್ರಿಂಗ್ ಸ್ವಿಚ್ಚು ಕಡೂರಿನಲ್ಲೇ ಸಿಗುತ್ತಿತ್ತು, ನನ್ನ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನೇ ಹಾಕಿದೆ. ಒತ್ತಿ ಹಿಡಿದರೆ ಮಾತ್ರ ಒಳಗೆ ಕೇಳುತ್ತದೆ. ಬೆರಳು ಸಡಿಲಿಸಿದರೆ ಇಲ್ಲ.

ಮಲ್ಲೇಶಪ್ಪನವರು ಒರಗು ಕುರ್ಚಿಯಲ್ಲಿ ಕೂತು ಟೇಪ್ ರೆಕಾರ್ಡರಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದರು. "ಎಲ್ಲಾ ಬಿಚ್ಚಿದ್ಯಾ?" ಅಂದರು. ನಾನು ಗೂಡಿನ ಪಕ್ಕ ನಿಂತು ಸ್ವಿಚ್ಚು ಒತ್ತಿ ಹಿಡಿದೆ.

"ಯಜಮಾನ್ರೇ, ಒಂದ್ ಮಾತು. ಆವತ್ತು ತರೀಕೆರೆಯೋರು ಬಂದಾಗ..."

"ಅದ್ಯಾಕ್ ಈಗ?"

ಬೆರಳಿಗೆ ಸ್ಪ್ರಿಂಗ್ ಎದುರು ಒತ್ತುತ್ತಿತ್ತು. ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಿಟ್ಟು ಹೇಳಿ, ಹೇಳಿದೆ ಎಂದು ಒಳಗೆ ಹೋಗಬಹುದಿತ್ತು. ಬಿಟ್ಟು ಹೇಳದೆಯೂ ಹೋಗಬಹುದಿತ್ತು.

"ಒಳ್ಗೆ ಯಾರೂ ವೈರ್ ಮುಟ್ಟಿರ್ಲಿಲ್ಲ. ಸ್ವಿಚ್ ತಿರುಗ್ಸದೇ ಬಿಟ್ಟೋನು ನಾನು. ಅವರ ಮಾತು ಕೇಳ್ತಾ ಕೂತಿದ್ದೋನೂ ನಾನು. ಪಾರ್ವತಕ್ಕಂದು ಏನೂ ತಪ್ಪಿಲ್ಲ. ನಿಮ್ಗೆ ಸುಳ್ ಹೇಳ್ದೆ."

ಮಲ್ಲೇಶಪ್ಪನವರ ಬೆರಳಡಿಯ ಗುಂಡಿ ಟಕ್ಕೆಂದಿತು. ಅವರು ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಪಂಚೆಯ ಸೊಂಟಕ್ಕೆ ಕೈ ಹಾಕಿ, ಉಡಿದಾರದ ಗಂಟಿನೊಡನೆ ಗುದ್ದಾಡಿ, ಬೀಗದ ಕೈ ಬಿಚ್ಚಿ, ಟೇಪ್ ರೆಕಾರ್ಡರಿನ ಪಕ್ಕ ಇಟ್ಟರು. ಗೂಡಿನ ಬಾಗಿಲು ಆಗಲೇ ತೆರೆದಿತ್ತು, ಬೀಗದ ಕೈಯ ಅವಶ್ಯಕತೆ ಇರಲಿಲ್ಲ.

ಆಗ ಒಳಗಿನಿಂದ ಕೂಗು ಬಂತು. ಯಾವ ವೈರಿನಿಂದಲೂ ಅಲ್ಲ, ಬರಿಯ ಗಂಟಲಿನಿಂದ. ಮನೆಯಲ್ಲಿ ಇನ್ನೊಬ್ಬರಿಗೂ ಮಲ್ಲೇಶಪ್ಪನವರಂಥ ಗಂಟಲಿದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

"ತಿಪ್ಪೇಶೀ, ಸರಿಯಾಗ್ ಕೇಳಿಸ್ಲಿಲ್ಲ ಕಣೋ. ಇನ್ನೊಂದ್ ಸಲ ಹೇಳು!"

ಮಾತಿನ ನಡುವೆ ಬೆರಳು ಸಡಿಲವಾಗಿತ್ತೇ? ಆಗಿರಲಾರದು ಎಂದು ಆಗ ಅನ್ನಿಸಿತು. ಈಗ ಖಾತ್ರಿಯಿಲ್ಲ. ಪಾರ್ವತಕ್ಕನಿಗೆ ಕೇಳಿಸಿರಲಿಲ್ಲವೋ, ಕೇಳಿಸಿದ್ದು ಸಾಲದಾಗಿತ್ತೋ, ಅವರನ್ನು ನಾನು ಕೇಳಲಿಲ್ಲ. ಮಲ್ಲೇಶಪ್ಪನವರು ತಲೆ ಎತ್ತದೆ, "ಹೇಳಯ್ಯ" ಅಂದರು.

ಬೆರಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದು ಎರಡನೆಯ ಸಲ ಹೇಳಿದೆ.

ಈಗ ಬರೆದದ್ದು ಮೂರನೆಯದು.